ಹಳೆ ಲಿಂಕನ್ ಮಾರುವುದಾದರೆ ಎಲ್ಲಿ? ಹರಾಜೋ, ಅಂಗಡಿಯೋ, ಮನೆ ಬಾಗಿಲಲ್ಲೋ

ನಾನು ನನ್ನ ಹಳೆ ಲಿಂಕನ್ ಕಾರು ಮಾರಿದೆ ಅಂತ ಸುದ್ದಿ ಹಬ್ಬಿದ ಮೇಲೆ ಮೂರು ಜನ ಫೋನ್ ಮಾಡಿದರು. ಒಬ್ಬರ ಹತ್ತಿರ ಹಳೆ ಕ್ಯಾಡಿಲಾಕ್ ಸೆಡಾನ್ ಡಿವಿಲ್ ಇದೆ. ಇನ್ನೊಬ್ಬರದ್ದು ನನ್ನ ಥರದ್ದೇ ಕಾಂಟಿನೆಂಟಲ್. ಮೂರನೆಯವರು ರಿಪೇರಿ ಅರ್ಧ ಮುಗಿಸಿ ಈಗಲೇ ಮಾರುವ ಯೋಚನೆಯಲ್ಲಿದ್ದಾರೆ. ಮೂವರದ್ದೂ ಒಂದೇ ಪ್ರಶ್ನೆ: "ಎಲ್ಲಿ ಮಾರಿದ್ರೆ ಒಳ್ಳೇದು?" ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದೇಬಿಡುತ್ತಿದ್ದೇನೆ.

ಮೊದಲು ನನ್ನ ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಉದಾಹರಣೆಗಳೆಲ್ಲ ಅದರದ್ದೇ. 1964ರ ಲಿಂಕನ್ ಕಾಂಟಿನೆಂಟಲ್, ನಾಲ್ಕು ಬಾಗಿಲಿನ ಸೆಡಾನ್, 18 ಅಡಿ ಉದ್ದ, ತೂಕ ಸುಮಾರು 2,300 ಕಿಲೋ. ಹಿಂದಿನ ಬಾಗಿಲುಗಳ ಹಿಂಜ್ ಹಿಂಬದಿಗಿದೆ, ಹಾಗಾಗಿ ಎರಡೂ ಬಾಗಿಲು ತೆಗೆದರೆ ಊರಿನ ಹಳೆ ಮನೆಯ ಜೋಡಿ ಕದ ತೆರೆದ ಹಾಗೆ ಕಾಣುತ್ತದೆ. ಮೈಸೂರಿನಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ನೋಡಿ, "ಇದೇನು ಭಾವ, ಕಾರಾ, ತೊಟ್ಟಿ ಮನೆಯಾ?" ಅಂದಿದ್ದ. ಗಾಡಿ ತಯಾರಾದದ್ದು ಮಿಷಿಗನ್‌ನ ವಿಕ್ಸಮ್ ಕಾರ್ಖಾನೆಯಲ್ಲಿ. ನಾವಿರುವ ನೊವೈ ಪಕ್ಕದ ಊರು. ಕಾರ್ಖಾನೆ 2007ರಲ್ಲಿ ಮುಚ್ಚಿತು, ನಾನು ಗಾಡಿ ಕೊಂಡದ್ದು ಅದಾಗಿ ಐದು ವರ್ಷಕ್ಕೆ. ಹುಟ್ಟಿದ ಊರಿಗೆ ವಾಪಸ್ ಕರೆತಂದೆ ಅಂತ ಒಳಗೊಳಗೇ ಖುಷಿ. ಆರು ವರ್ಷ ಶನಿವಾರ, ಭಾನುವಾರ ಎಲ್ಲ ಅದರ ಕೆಳಗೇ ಮಲಗಿ ಕಳೆದೆ.

ಈಗ ಕಹಿ ಮಾತು. ಗಾಡಿ ಕೊಂಡದ್ದು, ಪೇಂಟು, ಕ್ರೋಮ್, ಸೀಟಿನ ಚರ್ಮ, ಇಂಜಿನ್ ಎಲ್ಲ ಸೇರಿ ನನಗೆ ಬಿದ್ದದ್ದು 46,000 ಡಾಲರ್. ಮಾರಿದ್ದು 29,500ಕ್ಕೆ. ನನ್ನ ಶ್ರಮಕ್ಕೆ ಬೆಲೆ ಕಟ್ಟಿಯೇ ಇಲ್ಲ, ಅದು ಬೇರೆ. ಸೆಡಾನ್‌ಗಳ ಹಣೆಬರಹವೇ ಇದು. 1964ರಲ್ಲಿ ಲಿಂಕನ್ ಸುಮಾರು 33,000 ಸೆಡಾನ್ ಮಾಡಿತು, ಮೇಲ್ಛಾವಣಿ ತೆರೆಯುವ ಕನ್ವರ್ಟಿಬಲ್ ಬರೀ 3,300 ಚಿಲ್ಲರೆ. ಇಂಜಿನ್ ಅದೇ, ಬಾಗಿಲು ಅದೇ, ಮೂತಿಯೂ ಅದೇ, ಆದರೆ ದುಡ್ಡು ಸುರಿಯುವವರು ಕನ್ವರ್ಟಿಬಲ್ ಮೇಲೇ ಸುರಿಯುತ್ತಾರೆ. ಹಾಗಾಗಿ ಯಾರೋ ಕನ್ವರ್ಟಿಬಲ್ ಮಾರಿದ ಬೆಲೆ ನೋಡಿ ನಿಮ್ಮ ಸೆಡಾನ್‌ಗೆ ಕನಸು ಕಾಣಬೇಡಿ. "ಹಾಕಿದ ದುಡ್ಡು ವಾಪಸ್ ಬರಬೇಕು" ಅನ್ನೋದು ಬೆಲೆ ಕಟ್ಟುವ ಲೆಕ್ಕವೇ ಅಲ್ಲ. ನೀವೆಷ್ಟು ಹಾಕಿದಿರಿ ಅನ್ನೋದು ಕೊಳ್ಳುವವನಿಗೆ ಯಾಕೆ ಬೇಕು?

ಯಾವುದನ್ನು ತೂಗಿ ನೋಡಬೇಕು

ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡೆ. ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ? ಎಷ್ಟು ದಿನ ಹಿಡಿಯುತ್ತದೆ? ತಲೆನೋವು ಎಷ್ಟು, ಮೋಸ ಹೋಗುವ ಭಯ ಎಷ್ಟು? ಕೊನೆಯದು, ಗಾಡಿ ಯಾರ ಕೈ ಸೇರುತ್ತದೆ? ಕೊನೆಯದು ಭಾವುಕ ಅಂತ ಕೆಲವರು ನಗುತ್ತಾರೆ. ಆರು ವರ್ಷ ನಟ್ಟು ಬೋಲ್ಟು ತಿರುಗಿಸಿದವರು ನಗುವುದಿಲ್ಲ.

ಇವುಗಳ ಜೊತೆಗೆ ಇನ್ನೊಂದಿದೆ, ನಿಮ್ಮ ಹತ್ತಿರ ದಾಖಲೆ ಎಷ್ಟಿದೆ ಅನ್ನೋದು. ನನ್ನ ಪ್ರಕಾರ ದಾರಿ ತೀರ್ಮಾನ ಮಾಡುವುದೇ ಇದು. ರಿಪೇರಿಯಾದ ಗಾಡಿಯಲ್ಲಿ ಒಳ್ಳೆ ಕೆಲಸವೂ ಕೆಟ್ಟ ಕೆಲಸವೂ ಒಂದೇ ಥರ ಹೊಳೆಯುತ್ತವೆ. ಈ ಕಾಂಟಿನೆಂಟಲ್‌ಗೆ ಬೇರೆಯಾಗಿ ಚಾಸಿ ಇಲ್ಲ, ಬಾಡಿಯೇ ಚಾಸಿ. ನೆಲ, ಡಿಕ್ಕಿ, ಹಿಂದಿನ ಚಕ್ರದ ಮೇಲಿನ ತಗಡು ತುಕ್ಕು ಹಿಡಿದರೆ ಬೆನ್ನುಮೂಳೆಗೇ ಹುಳ ಹಿಡಿದ ಹಾಗೆ. ಅದನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿದ್ದೀರೋ, ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದೀರೋ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೆಸುಗೆ ಹಾಕುವಾಗ ತೆಗೆದ ಫೋಟೋದಿಂದ, ಬಿಲ್ಲಿನಿಂದ. ನನ್ನ ಬಿಲ್ಲುಗಳೆಲ್ಲ ಒಂದು ದೊಡ್ಡ ಬಿಸ್ಕತ್ ಡಬ್ಬಿಯಲ್ಲಿದ್ದವು. ಆ ಡಬ್ಬಿ ನನಗೆ ಕಡಿಮೆ ಅಂದರೂ ನಾಲ್ಕೈದು ಸಾವಿರ ಡಾಲರ್ ತಂದುಕೊಟ್ಟಿತು ಅಂತ ಈಗಲೂ ನಂಬಿದ್ದೇನೆ.

ಬೆಲೆಯ ಅಂದಾಜಿಗೆ, ಹಳೆ ಗಾಡಿಗಳಿಗೆ ಇನ್ಶೂರೆನ್ಸ್ ಮಾಡುವ ಹ್ಯಾಗರ್ಟಿಯವರ ಮೌಲ್ಯದ ಪಟ್ಟಿ ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಗಾಡಿಗಳನ್ನು 1ರಿಂದ 4ರವರೆಗೆ ವಿಂಗಡಿಸುತ್ತಾರೆ. 1 ಅಂದರೆ ಪ್ರದರ್ಶನದಲ್ಲಿ ಬಹುಮಾನ ಹೊಡೆಯುವಂಥದ್ದು, 4 ಅಂದರೆ ಓಡುತ್ತದೆ ಆದರೆ ಕುಂದು ಎದ್ದು ಕಾಣುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಎಲ್ಲರೂ ತಮ್ಮದು 2 ಅಂತಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಲಿಂಕನ್ ಗೊತ್ತಿರುವ ಒಬ್ಬ ಹಿರಿಯರನ್ನು ಕರೆದು ತೋರಿಸಿದೆ, ಅವರು ಹದಿನೈದು ನಿಮಿಷ ಸುತ್ತು ಹಾಕಿ, ಮಂಡಿಯೂರಿ ಕೆಳಗೆ ಟಾರ್ಚ್ ಬಿಟ್ಟು ನೋಡಿ, "ಒಳ್ಳೆ 3" ಅಂದರು. ರಾತ್ರಿ ಊಟ ಸೇರಲಿಲ್ಲ. ಆದರೆ ಮಾರುವ ಹೊತ್ತಿಗೆ ಅವರ ಅಂದಾಜೇ ಸರಿಯಾಯಿತು.

ಆನ್‌ಲೈನ್ ಹರಾಜು

ಇದರಲ್ಲಿ ದೊಡ್ಡ ಹೆಸರು ಬ್ರಿಂಗ್ ಎ ಟ್ರೈಲರ್. ಹೆಮಿಂಗ್ಸ್ ಅವರದ್ದೂ ಇದೆ. ಅವರು 1954ರಿಂದ ಹಳೆ ಗಾಡಿಗಳ ಜಾಹೀರಾತು ಪತ್ರಿಕೆ ನಡೆಸಿಕೊಂಡು ಬಂದವರು, ಅವರಲ್ಲಿ ಹರಾಜಿಲ್ಲದೆ ಬರೀ ಜಾಹೀರಾತೂ ಹಾಕಬಹುದು. ಕಾರ್ಸ್ ಆಂಡ್ ಬಿಡ್ಸ್ ಕಡೆ ಹೋಗಬೇಡಿ, ಅದು 1980ರ ದಶಕದಿಂದ ಈಚಿನ ಗಾಡಿಗಳಿಗೆ.

ಬ್ರಿಂಗ್ ಎ ಟ್ರೈಲರ್‌ನಲ್ಲಿ ಮಾರುವವರು ಕೊಡುವುದು ಸಣ್ಣ ಲಿಸ್ಟಿಂಗ್ ಫೀ, ಗೆದ್ದವರು ಮೇಲೆ 5 ಪರ್ಸೆಂಟ್ ಕೊಡಬೇಕು. ಹರಾಜು ಸಾಮಾನ್ಯವಾಗಿ ಒಂದು ವಾರ. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುತ್ತದೆ, ಹಾಗಾಗಿ ಕೊನೇ ಸೆಕೆಂಡಿನಲ್ಲಿ ಹಾರಿಸಿಕೊಂಡು ಹೋಗುವ ಆಟ ನಡೆಯುವುದಿಲ್ಲ. ನನ್ನ ಗಾಡಿ ಮುಗಿಯಬೇಕಾದ ಸಮಯಕ್ಕಿಂತ ಹತ್ತೊಂಬತ್ತು ನಿಮಿಷ ಜಾಸ್ತಿ ಓಡಿತು. ಹೆಂಡತಿ ಕಾಫಿ ತಂದಿಟ್ಟದ್ದು ಆರಿಹೋಗಿ ಕೆನೆ ಕಟ್ಟಿತ್ತು.

ಆದರೆ ಆ ವಾರ ನಿಮ್ಮದಲ್ಲ, ಅದು ಪ್ರಶ್ನೆ ಕೇಳುವವರದ್ದು. ನಾನು 180 ಫೋಟೋ ಹಾಕಿದ್ದೆ, ಸಾಲಲಿಲ್ಲ. ಹಿಂದಿನ ಸೀಟು ಎತ್ತಿ ಅದರ ಕೆಳಗಿನ ತಗಡು ತೋರಿಸಿ ಅಂದರು. ಅಯಸ್ಕಾಂತ ಹಿಡಿದು ಬಾಗಿಲ ಕೆಳಗೆ ಎಳೆಯುವ ವಿಡಿಯೋ ಕೇಳಿದರು, ಪುಟ್ಟಿ ಇದ್ದ ಕಡೆ ಅಯಸ್ಕಾಂತ ಕಚ್ಚುವುದಿಲ್ಲವಲ್ಲ. ರಾತ್ರಿಯಿಡೀ ತಣ್ಣಗೆ ನಿಂತ ಇಂಜಿನ್ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವುದನ್ನು ಎಲ್ಲೂ ಕಟ್ ಮಾಡದೆ ತೋರಿಸಿ ಅಂದರು. ಯಾರೋ ಒಬ್ಬ ಚಕ್ರದ ಕಪ್ ಒಂದು ಬೇರೆ ವರ್ಷದ್ದು ಅಂತ ಕಂಡುಹಿಡಿದ, ನನಗೇ ಗೊತ್ತಿರಲಿಲ್ಲ. ಸುಳ್ಳು ಹೇಳಿದರೆ ಹತ್ತು ನಿಮಿಷದಲ್ಲಿ ಮರ್ಯಾದೆ ಹರಾಜು. ನಿಜ ಹೇಳಿದರೆ, "ಹೌದು ಸ್ವಾಮಿ, ತಪ್ಪು ಕಪ್ಪೇ, ಸರಿಯಾದದ್ದು ಹುಡುಕುತ್ತಿದ್ದೆ" ಅಂದರೆ, ಬೆಲೆ ಇಳಿಯುವುದಿಲ್ಲ, ಏರುತ್ತದೆ. ಇದು ನನಗೆ ಆಶ್ಚರ್ಯ ಆಯಿತು.

ಕನಿಷ್ಠ ಬೆಲೆ ಇಡಬೇಕಾ, ಬಿಡಬೇಕಾ ಅನ್ನೋದು ದೊಡ್ಡ ಚರ್ಚೆ. ಇಡದಿದ್ದರೆ ಜನ ಜಾಸ್ತಿ ಸೇರುತ್ತಾರೆ, ಆದರೆ ಅವತ್ತು ಇಬ್ಬರು ಗಟ್ಟಿ ಕುಳಗಳು ಬರದಿದ್ದರೆ ಬಂದ ಬೆಲೆಗೆ ಕೊಡಲೇಬೇಕು. ನಾನು ಇಟ್ಟೆ, ಕಡಿಮೆ ಇಟ್ಟೆ, 24,000ಕ್ಕೆ. ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವ ಗುಂಡಿಗೆ ನನಗಿಲ್ಲ. ಒಂದು ಎಚ್ಚರಿಕೆ: ಕನಿಷ್ಠ ಬೆಲೆ ಮುಟ್ಟದೆ ಹರಾಜು ಬಿದ್ದುಹೋದರೆ ಆ ಕೊನೆಯ ಅಂಕಿ ಇಂಟರ್ನೆಟ್‌ನಲ್ಲಿ ಶಾಶ್ವತ. ಮುಂದೆ ಬರುವವರೆಲ್ಲ ಅದನ್ನೇ ಹಿಡಿದು ಚೌಕಾಸಿ ಮಾಡುತ್ತಾರೆ.

ವೇದಿಕೆ ಹರಾಜು

ಟೀವಿಯಲ್ಲಿ ನೋಡಿರುತ್ತೀರಿ, ಮೀಕಮ್, ಬ್ಯಾರೆಟ್ ಜಾಕ್ಸನ್. ದೀಪ, ಜನ, ಪಟಪಟ ಕೂಗುವ ಹರಾಜುದಾರ. ಮೀಕಮ್‌ನವರು ಜನವರಿಯಲ್ಲಿ ಫ್ಲೋರಿಡಾದ ಕಿಸಿಮ್ಮಿಯಲ್ಲಿ, ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆಸುತ್ತಾರೆ. ಬ್ಯಾರೆಟ್ ಜಾಕ್ಸನ್ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ, ಅಲ್ಲಿ ಬಹುಪಾಲು ಗಾಡಿಗಳಿಗೆ ಕನಿಷ್ಠ ಬೆಲೆಯೇ ಇರುವುದಿಲ್ಲ.

ಸೆಡಾನ್ ಮಾರುವವರಿಗೆ ನಾನು ಇದನ್ನು ಹೇಳುವುದಿಲ್ಲ. ನಿಮ್ಮ ಗಾಡಿ ವೇದಿಕೆ ಮೇಲೆ ಇರುವುದು ಎರಡು ಮೂರು ನಿಮಿಷ. ಬಿಸ್ಕತ್ ಡಬ್ಬಿ ತೆರೆಯಲು ಟೈಮೆಲ್ಲಿ? ಆ ಜಾಗದಲ್ಲಿ ದುಡ್ಡು ಹಾರಾಡುವುದು ಕಾರ್ವೆಟ್, ಮಸ್ಟಾಂಗ್, ಎರಡು ಬಾಗಿಲಿನ ಗಾಡಿಗಳ ಮೇಲೆ. 1961ರಿಂದ 65ರವರೆಗೆ ಲಿಂಕನ್ ಎರಡು ಬಾಗಿಲಿನ ಕಾಂಟಿನೆಂಟಲ್ ಮಾಡಲೇ ಇಲ್ಲ, ಹಾಗಾಗಿ ನಮ್ಮ ಗಾಡಿಗೆ ನಾಲ್ಕು ಬಾಗಿಲು ಅಷ್ಟೇನೂ ಅವಮಾನವಲ್ಲ. ಹಳೆ ಡಿವಿಲ್ ಸೆಡಾನ್‌ಗೆ ಅಲ್ಲಿ ಕಷ್ಟ. ಮಿಷಿಗನ್‌ನಲ್ಲಿರುವವರಿಗೆ ಇನ್ನೊಂದು ಕಾಟ: ಜನವರಿಯಲ್ಲಿ ರಸ್ತೆ ತುಂಬ ಉಪ್ಪು. ಉಪ್ಪಿನ ಮೇಲೆ ಓಡಿಸುವ ಹಾಗಿಲ್ಲ, ಮುಚ್ಚಿದ ಟ್ರೈಲರ್ ಮಾಡಬೇಕು, ಅದು ದುಬಾರಿ.

ಅಂಗಡಿಯಲ್ಲಿ ಇಡುವುದು

ಕನ್ಸೈನ್‌ಮೆಂಟ್ ಅಂತಾರಲ್ಲ, ಗಾಡಿ ಅವರ ಶೋರೂಮಿನಲ್ಲಿ ಇಟ್ಟು, ಮಾರಿದ ಮೇಲೆ ಅವರ ಕಮಿಷನ್ ಹಿಡಿದು ಉಳಿದದ್ದು ಕೊಡುವುದು. ಪುರುಸೊತ್ತಿಲ್ಲದವರಿಗೆ, ಊರು ಬಿಟ್ಟು ಹೋಗುವವರಿಗೆ, ಅಪರಿಚಿತರು ಮನೆಗೆ ಬರುವುದು ಬೇಡ ಅನ್ನುವವರಿಗೆ ಇದು ಹೊಂದುತ್ತದೆ. ನಾನು ಮೊದಲು ಹೋದದ್ದೇ ಇಲ್ಲಿಗೆ. ಏಳು ತಿಂಗಳು ಇಟ್ಟೆ, ಮಾರಲಿಲ್ಲ.

ಒಂದು ಸಲ ಮಾರಾಟ ಬಾಯಿಗೆ ಬಂದು ತಪ್ಪಿತು. ಒಹಾಯೊದಿಂದ ಗಂಡ ಹೆಂಡತಿ ಬಂದಿದ್ದರಂತೆ, ಎಲ್ಲ ಇಷ್ಟವಾಗಿದೆ, ವೈಪರ್ ಹಾಕಿ ತೋರಿಸಿ ಅಂದಿದ್ದಾರೆ. ಸೇಲ್ಸ್ ಹುಡುಗ ಸ್ವಿಚ್ ತಿರುಗಿಸಿದ, ವೈಪರ್ ಅಲ್ಲಾಡಲಿಲ್ಲ. "ಕೆಟ್ಟಿರಬೇಕು" ಅಂದ. ಅವರು ಹೊರಟುಹೋದರು. ವೈಪರ್ ಕೆಟ್ಟಿರಲೇ ಇಲ್ಲ! ಈ ಗಾಡಿಯ ವೈಪರ್‌ಗೆ ಕರೆಂಟಿನ ಮೋಟರ್ ಇಲ್ಲ, ಪವರ್ ಸ್ಟೀರಿಂಗ್ ಪಂಪಿನ ಎಣ್ಣೆಯ ಒತ್ತಡದಿಂದ ಓಡುತ್ತದೆ. ಇಂಜಿನ್ ಚಾಲೂ ಇದ್ದರೆ ಮಾತ್ರ ವೈಪರ್. ಇಂಜಿನ್ ಯಾಕೆ ಚಾಲೂ ಮಾಡಲಿಲ್ಲ? ಬ್ಯಾಟರಿ ಸತ್ತು ತಿಂಗಳಾಗಿತ್ತು. ನಾನು ಗಾಡಿ ವಾಪಸ್ ತರಲು ಹೋದಾಗ ಟೈರುಗಳು ನಿಂತಲ್ಲೇ ಚಪ್ಪಟೆಯಾಗಿದ್ದವು, ಮನೆಯವರೆಗೂ ದಡ ದಡ ಅಂತ ಎತ್ತಿನ ಗಾಡಿಯಲ್ಲಿ ಬಂದ ಹಾಗಾಯಿತು.

ಎಲ್ಲ ಅಂಗಡಿಯೂ ಹೀಗಿರುವುದಿಲ್ಲ, ಅದು ನನ್ನ ಗ್ರಹಚಾರ. ಆದರೂ ಇಡುವುದಾದರೆ ಕೇಳಿಕೊಳ್ಳಿ: ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದು ಯಾರು, ಇನ್ಶೂರೆನ್ಸ್ ಯಾರದ್ದು, ತಿಂಗಳ ಬಾಡಿಗೆ ಇದೆಯಾ, ಮಾರಿದ ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ. ಎಲ್ಲ ಕಾಗದದ ಮೇಲೆ ಬರಲಿ. ಟೈಟಲ್‌ಗೆ, ಅಂದರೆ ಗಾಡಿಯ ಒಡೆತನದ ಪತ್ರಕ್ಕೆ, ಮೊದಲೇ ಸಹಿ ಹಾಕಿ ಕೊಡಬೇಡಿ. ಅಂಗಡಿ ದಿವಾಳಿಯಾದರೆ ಸಾಲ ಕೊಟ್ಟವರು ಅಲ್ಲಿ ನಿಂತ ಗಾಡಿಗಳ ಮೇಲೆಲ್ಲ ಹಕ್ಕು ಹೇಳಬಹುದು, ಅದರಲ್ಲಿ ನಿಮ್ಮದೂ ಸೇರಿಹೋಗಬಹುದು. ಅದನ್ನು ತಡೆಯಲು ಯುಸಿಸಿ-1 ಅನ್ನೋ ಅರ್ಜಿ ಮೊದಲೇ ಹಾಕಿಡುವ ಪದ್ಧತಿ ಇದೆ. ದುಬಾರಿ ಗಾಡಿಯಾದರೆ ಒಬ್ಬ ವಕೀಲರನ್ನು ಕೇಳಿ.

ಇದೇ ಅಂಗಡಿಯವರು ಕೆಲವೊಮ್ಮೆ ನೇರ ನಗದಿಗೂ ಕೊಳ್ಳುತ್ತಾರೆ. ನನಗೆ ಬಂದ ಆಫರ್ 21,000. ಬೇಜಾರಾಯಿತು, ಕೋಪ ಬರಲಿಲ್ಲ, ಅವರಿಗೂ ಲಾಭ ಬೇಕಲ್ವಾ? ವಾರದೊಳಗೆ ದುಡ್ಡು ಬೇಕೇ ಬೇಕು ಅನ್ನುವವರಿಗೆ ಇದು ದಾರಿ.

ಮನೆ ಬಾಗಿಲಲ್ಲಿ, ಕ್ಲಬ್ಬಿನಲ್ಲಿ

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್. ಕಮಿಷನ್ ಇಲ್ಲ, ಕಾಟ ಇದೆ. ದಿನಕ್ಕೆ ಹತ್ತು ಜನ "ಇದೆಯಾ?" ಅಂತ ಕೇಳಿ ಮಾಯವಾಗುತ್ತಾರೆ. ಗಾಡಿ ನೋಡದೆಯೇ ಒಪ್ಪಿ, ಬೆಲೆಗಿಂತ ಜಾಸ್ತಿ ಮೊತ್ತದ ಬ್ಯಾಂಕ್ ಚೆಕ್ ಕಳಿಸಿ, ಹೆಚ್ಚಿನದ್ದನ್ನು ಸಾಗಣೆಯವನಿಗೆ ಕೊಡಿ ಅನ್ನುವವನು ನೂರಕ್ಕೆ ನೂರು ಕಳ್ಳ. ಚೆಕ್ ನಕಲಿ ಅಂತ ಬ್ಯಾಂಕಿಗೆ ಗೊತ್ತಾಗುವ ಹೊತ್ತಿಗೆ ನೀವು ಕೊಟ್ಟ ದುಡ್ಡು ಹೋಗಿರುತ್ತದೆ. ಕೊಳ್ಳುವವನ ಬ್ಯಾಂಕಿಗೇ ಹೋಗಿ, ಕೌಂಟರಿನಲ್ಲಿ ನಿಮ್ಮ ಕಣ್ಣೆದುರೇ ಚೆಕ್ ಬರೆಸಿಕೊಳ್ಳಿ, ಇಲ್ಲಾ ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಮಾಡಿದ ದುಡ್ಡು ಖಾತೆಗೆ ಬಿದ್ದ ಮೇಲೆ ಕೀ ಕೊಡಿ.

ಓಡಿಸಿ ನೋಡುತ್ತೇನೆ ಅನ್ನುವವರ ಜೊತೆ ನೀವೂ ಕೂತುಕೊಳ್ಳಿ. ಮೊದಲು ಬ್ರೇಕಿನ ಪಾಠ ಹೇಳಿ. 1964ರದ್ದಕ್ಕೆ ನಾಲ್ಕೂ ಚಕ್ರ ಡ್ರಮ್ ಬ್ರೇಕ್, ಮುಂದೆ ಡಿಸ್ಕ್ ಬಂದದ್ದು 1965ರಲ್ಲಿ. ದಿನಾ ಟೊಯೋಟಾ ಕ್ಯಾಮ್ರಿ ಓಡಿಸುವವರು ಸಿಗ್ನಲ್ ಹತ್ತಿರ ಬಂದಾಗ ಕಾಲಿಟ್ಟರೆ ಈ ಎರಡು ಟನ್ ಚಿಲ್ಲರೆ ಕಬ್ಬಿಣ ನಿಲ್ಲುವುದು ಅವರಂದುಕೊಂಡ ಕಡೆ ಅಲ್ಲ.

ಆಗಸ್ಟ್ ಮೂರನೇ ಶನಿವಾರ ಡೆಟ್ರಾಯಿಟ್ ಹತ್ತಿರ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನೋ ಹಳೆ ಗಾಡಿಗಳ ಮೆರವಣಿಗೆ ಇರುತ್ತದೆ, 1995ರಿಂದ ನಡೆಯುತ್ತಿದೆ. ಅಲ್ಲಿ "ಮಾರಾಟಕ್ಕಿದೆ" ಅಂತ ಬೋರ್ಡ್ ಹಾಕಿಕೊಂಡು ಹೋಗಿದ್ದೆ. ಬಾಗಿಲು ತೆಗೆಸಿ ಫೋಟೋ ತೆಗೆದುಕೊಂಡವರು ನೂರು ಜನ, ಬೆಲೆ ಕೇಳಿದವರು ಮೂವರು, ಕೇಳಿ ನಿಂತವರು ಯಾರೂ ಇಲ್ಲ. ಜಾತ್ರೆಯಲ್ಲಿ ತೇರು ಮಾರಲು ಹೋದ ಹಾಗೆ.

ಕ್ಲಬ್ ಬೇರೆ ಮಾತು. ಲಿಂಕನ್ ಆಂಡ್ ಕಾಂಟಿನೆಂಟಲ್ ಓನರ್ಸ್ ಕ್ಲಬ್ 1953ರಿಂದ ಇದೆ. ಮಿಷಿಗನ್‌ನ ಹಿಕರಿ ಕಾರ್ನರ್ಸ್‌ನಲ್ಲಿರುವ ಗಿಲ್ಮೋರ್ ಮ್ಯೂಸಿಯಮ್ಮಿನ ಆವರಣದಲ್ಲಿ ಲಿಂಕನ್‌ಗೇ ಒಂದು ಮ್ಯೂಸಿಯಂ ಇದೆ, ಅಲ್ಲಿ ಸೇರುವ ಜನಕ್ಕೆ ವೈಪರ್ ಯಾಕೆ ಅಲ್ಲಾಡಲಿಲ್ಲ ಅಂತ ವಿವರಿಸಬೇಕಿಲ್ಲ. ಅವರು ಸೀರಿಯಲ್ ನಂಬರ್ ಓದಿಯೇ ಜಾತಕ ಹೇಳುತ್ತಾರೆ: ಮೊದಲ ಅಂಕಿ 4 ಇದ್ದರೆ 1964, ಆಮೇಲೆ ವೈ ಅಂದರೆ ವಿಕ್ಸಮ್, 82 ಇದ್ದರೆ ಸೆಡಾನ್, 86 ಇದ್ದರೆ ಕನ್ವರ್ಟಿಬಲ್. ಗಾಡಿ ಒಳ್ಳೆ ಮನೆ ಸೇರಬೇಕು ಅನ್ನೋದೇ ನಿಮಗೆ ಮುಖ್ಯವಾದರೆ ಇಲ್ಲಿಂದ ಶುರು ಮಾಡಿ. ಆದರೆ ನಿಧಾನ, ಮತ್ತೆ ಇವರಿಗೆ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತು.

ಮ್ಯೂಸಿಯಮ್ಮಿಗೋ ಸಂಸ್ಥೆಗೋ ದಾನ ಕೊಟ್ಟು ತೆರಿಗೆ ಉಳಿಸಬಹುದಲ್ಲ ಅಂತ ಕೇಳುತ್ತಾರೆ. ಅವರು ಗಾಡಿಯನ್ನು ತಾವೇ ಇಟ್ಟುಕೊಳ್ಳದೆ ಮಾರಿಬಿಟ್ಟರೆ ಸಾಮಾನ್ಯವಾಗಿ ಅವರಿಗೆ ಬಂದಷ್ಟೇ ನಿಮಗೆ ವಿನಾಯಿತಿ. ಮೊದಲು ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಕೂತು ಲೆಕ್ಕ ಹಾಕಿ. ಇನ್ನು ಬೆಂಗಳೂರಿಗೆ ಕಳಿಸುವ ಆಸೆ ಇದ್ದವರಿಗೆ: ಸ್ಟೀರಿಂಗ್ ಎಡಕ್ಕಿದೆ, ಸುಂಕ ಗಾಡಿಯ ಬೆಲೆಯನ್ನೇ ದಾಟುತ್ತದೆ. ಬಿಡಿ.

ಲೆಕ್ಕ ಮಾಡೋಣ

ಕೊಳ್ಳುವವನ ಕಿಸೆಯಲ್ಲಿ ಒಟ್ಟು 30,000 ಡಾಲರ್ ಇದೆ, ತೆರಿಗೆ ಬಿಟ್ಟು, ಅಂದುಕೊಳ್ಳಿ. ಆನ್‌ಲೈನ್ ಹರಾಜಿನಲ್ಲಿ ಅವನು 5 ಪರ್ಸೆಂಟ್ ಮೇಲೆ ಕೊಡಬೇಕಾದ್ದರಿಂದ ಸುಮಾರು 28,570ಕ್ಕೆ ನಿಲ್ಲುತ್ತಾನೆ. ಲಿಸ್ಟಿಂಗ್, ಫೋಟೋ ಖರ್ಚು ಕಳೆದು ನಿಮಗೆ 28,000 ಚಿಲ್ಲರೆ. ವೇದಿಕೆ ಹರಾಜಿನಲ್ಲಿ ಕೊಳ್ಳುವವನ ಮೇಲಿನ ಫೀ ಸಾಮಾನ್ಯವಾಗಿ 10 ಪರ್ಸೆಂಟ್, ಅವನು 27,270ಕ್ಕೇ ಕೈ ಇಳಿಸುತ್ತಾನೆ. ಅದರಲ್ಲಿ ನಿಮ್ಮ ಕಡೆಯ ಕಮಿಷನ್ 8 ಅಂತ ಹಿಡಿದರೆ ಉಳಿಯುವುದು 25,100ರ ಆಸುಪಾಸು, ಅದರಿಂದ ಪ್ರವೇಶ ಫೀ, ಟ್ರೈಲರ್, ನಿಮ್ಮ ಹೋಟೆಲ್ ಕಳೆಯಿರಿ. ಅಂಗಡಿಗೆ 10 ಪರ್ಸೆಂಟ್ ಕೊಟ್ಟರೆ 27,000, ಬಾಡಿಗೆ ಬೇರೆ. ಮನೆ ಬಾಗಿಲಲ್ಲಿ ಪೂರ್ತಿ 30,000 ನಿಮ್ಮದೇ, ಆದರೆ ಅಲ್ಲಿ ಅವನೊಬ್ಬನೇ, ಪಕ್ಕದಲ್ಲಿ ಕೂಗುವ ಇನ್ನೊಬ್ಬನಿಲ್ಲ, ಹಾಗಾಗಿ ಅವನು 26,000ದಿಂದ ಶುರು ಮಾಡುತ್ತಾನೆ.

ಹಾಗಾಗಿ ಮೂವರಿಗೆ ನಾನು ಹೇಳಿದ್ದು ಇಷ್ಟು. ಕಾಂಟಿನೆಂಟಲ್ ಇರುವವರ ಹತ್ತಿರ ಬಿಲ್ಲು, ಫೋಟೋ ಎಲ್ಲ ಇವೆ, ಸಂಜೆ ಹೊತ್ತು ಬಿಡುವೂ ಇದೆ: ಆನ್‌ಲೈನ್ ಹರಾಜು, ಮಾರ್ಚ್ ಕೊನೆಗೆ, ಹಿಮ ಕರಗಿ ಜನಕ್ಕೆ ಬೇಸಿಗೆಯ ಆಸೆ ಹುಟ್ಟುವ ಹೊತ್ತಿಗೆ. ಕ್ಯಾಡಿಲಾಕ್‌ನವರು ಬಿಲ್ಲೆಲ್ಲ ಕಳೆದುಕೊಂಡಿದ್ದಾರೆ, ಇಂಗ್ಲಿಷಿನಲ್ಲಿ ಅಪರಿಚಿತರ ಜೊತೆ ವಾರವಿಡೀ ವಾದ ಮಾಡುವ ತಾಳ್ಮೆಯೂ ಇಲ್ಲ. ಅವರು ಕ್ಲಬ್ಬಿನಲ್ಲಿ, ಹೆಮಿಂಗ್ಸ್ ಜಾಹೀರಾತಿನಲ್ಲಿ ಹಾಕಿ, ಬಂದವರಿಗೆ ಗಾಡಿಯನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ತೋರಿಸಲಿ. ಕಾಗದ ಇಲ್ಲದ ಕಡೆ ಕಣ್ಣೇ ಸಾಕ್ಷಿ. ಅರ್ಧ ರಿಪೇರಿಯವರಿಗೆ, ಈಗ ಮಾರಬೇಡಿ ಅಂದೆ, ಅರ್ಧ ಬಿಚ್ಚಿದ ಗಾಡಿಗೆ ಗುಜರಿ ಬೆಲೆಯೇ ಬರುವುದು. ಕಡೇಪಕ್ಷ ಇಂಜಿನ್ ಸ್ಟಾರ್ಟ್ ಆಗಿ, ಬ್ರೇಕ್ ಹಿಡಿದು, ಟ್ರೈಲರ್ ಮೇಲೆ ತಾನೇ ಹತ್ತುವ ಹಾಗೆ ಮಾಡಿಕೊಳ್ಳಿ ಅಂದೆ. ಅವರು ಬೇಜಾರು ಮಾಡಿಕೊಂಡರು.

ನನ್ನದು ಟೆನೆಸಿಗೆ ಹೋಯಿತು. ಟ್ರಕ್ಕಿನವನು ಬೆಳಿಗ್ಗೆ ಏಳಕ್ಕೇ ಬಂದ. ಓಡೋಮೀಟರ್‌ನಲ್ಲಿ ಐದೇ ಅಂಕಿ, ಎಷ್ಟು ಸುತ್ತು ಹಾಕಿದೆಯೋ ಯಾರಿಗೆ ಗೊತ್ತು, ಬಿಲ್ ಆಫ್ ಸೇಲ್ ಅನ್ನೋ ಮಾರಾಟ ಪತ್ರದಲ್ಲಿ "ನಿಜವಾದ ಮೈಲಿ ಗೊತ್ತಿಲ್ಲ" ಅಂತಲೇ ಬರೆದೆ, ನೀವೂ ಹಾಗೇ ಬರೆಯಿರಿ. ಟೈಟಲ್‌ಗೆ ಸಹಿ ಹಾಕಿ ಅದರ ಫೋಟೋ ತೆಗೆದುಕೊಂಡೆ, ಬಿಸ್ಕತ್ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟೆ. ಗಡಿಬಿಡಿಯಲ್ಲಿ ಒಂದು ಮರೆತಿದ್ದೆ. ಟ್ರಕ್ ಹೊರಡುವಾಗ ಸ್ಕ್ರೂಡ್ರೈವರ್ ಹಿಡಿದು ಹಿಂದೆ ಓಡಿದೆ. ನಂಬರ್ ಪ್ಲೇಟ್ ಬಿಚ್ಚಿಟ್ಟುಕೊಳ್ಳಿ. ಮಿಷಿಗನ್‌ನಲ್ಲಿ ಅದು ಗಾಡಿಯ ಜೊತೆ ಹೋಗುವುದಿಲ್ಲ, ನಿಮ್ಮ ಹತ್ತಿರವೇ ಉಳಿಯುತ್ತದೆ.